ಹದಿನೇಳನೆಯ ಕೈ

ಮೊದಲೇ ಹೇಳಿಬಿಡುತ್ತೇನೆ, ಹೆಸರು ಹಿಡಿದು ಕರೆದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬುವವರ ಪೈಕಿ ನಾನಲ್ಲ. ನಾನು ಕನಕಪುರದಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು, ಅದೂ ಗಣಿತದಲ್ಲಿ ಎಪ್ಪತ್ತೆಂಟು. ಆದರೂ ಮದುವೆಯಾಗಿ ಮೂವತ್ತೆಂಟು ವರ್ಷ ನಮ್ಮ ಯಜಮಾನರ ಹೆಸರು ನನ್ನ ಬಾಯಿಂದ ಹೊರಟಿರಲಿಲ್ಲ. ನಮ್ಮವ್ವ ಅಪ್ಪನ ಹೆಸರು ಹೇಳಲಿಲ್ಲ, ನಮ್ಮತ್ತೆ ಮಾವನ ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ, ಅಷ್ಟೇ. ಗಣತಿಯವರು ಬಂದು ಕೇಳಿದರೆ ರೇಷನ್ ಕಾರ್ಡನ್ನು ಅವರ ಮುಖದ ಮುಂದೆ ಹಿಡಿಯುತ್ತಿದ್ದೆ. ಮನೆಯಲ್ಲಿ ಕರೆಯಬೇಕಾದರೆ "ಇಗಾ, ಕೇಳುಸ್ತಾ" ಎಂದರೆ ಸಾಕು, ಹಿತ್ತಲಲ್ಲಿದ್ದರೂ ಬರುತ್ತಿದ್ದರು.

ಕೈಲಾಂಚ ಹೋಬಳಿಯ ನಮ್ಮೂರಿನಲ್ಲಿ ಹಾಲಿನ ಡೈರಿ ಶುರುವಾದಾಗ ಹಾಲು ಟೆಸ್ಟ್ ಮಾಡುವ ಕೆಲಸ ನನಗೆ ಸಿಕ್ಕಿತು. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಡೈರಿಯಲ್ಲಿ ಒಂದು ಅನುಕೂಲವಿತ್ತು, ಅಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರಿಗೂ ನಂಬರು. ನಮ್ಮ ಯಜಮಾನರು ಇಪ್ಪತ್ಮೂರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಇಪ್ಪತ್ಮೂರರ ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟೆ, ಅದು ಕತ್ತಿನವರೆಗೆ ಮುಳುಗಿತು. ಹಿಂದೆ ಇಡೀ ಊರು ಸಾಲುಗಟ್ಟಿ ನಿಂತಿತ್ತು. ಆದರೂ ಗಟ್ಟಿಯಾಗಿಯೇ ಹೇಳಿದೆ: "ಇಪ್ಪತ್ಮೂರು, ನೀರೈತೆ. ವಾಪಸ್ ತಗೊಂಡೋಗಿ."

ಅವರು ಕ್ಯಾನು ಎತ್ತಿಕೊಂಡು ಹೋದರು. ಆರು ದಿನ ಮಾತಿಲ್ಲ. ಏಳನೆಯ ದಿನ ಮುದ್ದೆ ಮುರಿಯುತ್ತಾ, "ಕೆಂಗಲ್ ಆಂಜನೇಯನ ಆಣೆಗೂ ನಾನು ನೀರ್ ಹಾಕಿಲ್ಲ ಕಣಮ್ಮಿ, ನಿನ್ ಗಾಜಿನ ಕಡ್ಡೀಲೇ ಏನೋ ಐಬೈತೆ" ಎಂದರು. ಆ ಜಗಳ ಅಲ್ಲಿಗೆ ಮುಗಿಯಲಿಲ್ಲ. ಮಗಳು ಭಾನುಪ್ರಿಯಳ ಮದುವೆಯಲ್ಲಿ ಬೀಗರ ಮುಂದೆಯೂ ಒಮ್ಮೆ ಎದ್ದು ಕೂತಿತ್ತು.

ಆ ಮನುಷ್ಯನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಹಾಲಿನ ವಿಷಯ ಏನೇ ಇರಲಿ, ರೇಷ್ಮೆಗೂಡಿನ ವಿಷಯದಲ್ಲಿ ಅವರಿಗೆ ಸರಿಸಾಟಿ ಯಾರೂ ಇಲ್ಲ. ಗೂಡನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಒಳಗಿನ ಹುಳು ಬದುಕಿದೆಯೋ ಸತ್ತಿದೆಯೋ, ನೂಲು ಸಲೀಸಾಗಿ ಬಿಚ್ಚುತ್ತದೋ ನಡುವೆ ಹರಿಯುತ್ತದೋ ಹೇಳಿಬಿಡುತ್ತಾರೆ. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ರೈತನಿಗೂ ನೂಲು ತೆಗೆಯುವ ರೀಲರಿಗೂ ತಕರಾರು ಬಂದರೆ ಎರಡು ಕಡೆಯವರೂ ಇವರನ್ನೇ ಹುಡುಕುತ್ತಿದ್ದರು. ಸಂಜೆ ಮನೆಗೆ ಬಂದರೆ ಜೇಬಿನಲ್ಲಿ ನಾಲ್ಕು ಗೂಡು, ನನಗೆ ಬಟ್ಟೆ ಒಗೆಯುವಾಗ ಅವೇ ಸಿಗುತ್ತಿದ್ದವು.

ಇಂಥ ತಕರಾರು ತೀರಿಸುವುದಕ್ಕೆ, ತೂಕ ನೋಡುವುದಕ್ಕೆ, ರೀಲರುಗಳಿಗೆ ಲೈಸೆನ್ಸು ಕೊಡುವುದಕ್ಕೆ ಅಂತ ಗೂಡು ನಿಯಂತ್ರಣ ಮಂಡಳಿ ಎಂಬುದೊಂದಿದೆ. ಅದರ ಸದಸ್ಯನಾಗಬೇಕು ಎನ್ನುವುದು ನಮ್ಮ ಯಜಮಾನರ ಒಂದೇ ಒಂದು ಆಸೆ. ಆದರೆ ಅಲ್ಲಿ ಕೂರುತ್ತಿದ್ದವರು ಲೀಡರುಗಳ ಫೋಟೋದಲ್ಲಿ ಹಿಂದೆ ನಿಂತಿದ್ದವರು. ಒಬ್ಬ ಸದಸ್ಯರಂತೂ ರೇಷ್ಮೆಹುಳುವನ್ನೇ ತಿಂದು ಗೂಡು ಹಾಳುಮಾಡುವ ಊಜಿ ನೊಣ ಕೊರೆದು ಹೊರಬಂದಿದ್ದ ಗೂಡನ್ನು ಕೈಯಲ್ಲಿ ಹಿಡಿದು, "ಎಷ್ಟು ನೀಟಾಗಿ ತೂತು ಮಾಡವ್ರೆ ನೋಡ್ರಿ" ಎಂದು ಮೆಚ್ಚಿಕೊಂಡಿದ್ದರಂತೆ. ಇವರು ಮೂರು ಸಲ ಪ್ರಯತ್ನಪಟ್ಟರು. ಮೂರನೆಯ ಸಲ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಸೇವಂತಿಗೆ ಹಾರ ಹಿಡಿದುಕೊಂಡು, ಮಾಗಡಿ ಕಡೆಯ ಒಬ್ಬ ಲೀಡರ ಮನೆ ಗೇಟಿನ ಮುಂದೆ ಬೆಳಗಿನಿಂದ ಮೂರು ಗಂಟೆಯವರೆಗೆ ನಿಂತಿದ್ದರು. ಹಾರ ಪ್ಲಾಸ್ಟಿಕ್ ಕವರಿನಲ್ಲೇ ವಾಪಸ್ ಬಂತು. ಅದನ್ನು ಹಸುವಿನ ಕೊರಳಿಗೆ ಹಾಕಿ, "ನೀನಾದ್ರೂ ಹಾಕ್ಕೊಳವ್ವ" ಎಂದರು. ನಾನು ಒಳಗೆ ಹೋಗಿ ಅತ್ತೆ. ಆಮೇಲೆ ನಮ್ಮ ಮನೆಯಲ್ಲಿ ಮಂಡಳಿಯ ಸುದ್ದಿ ಯಾರೂ ಎತ್ತಲಿಲ್ಲ.

ಹೀಗಿರುವಾಗ ಹೋದ ವರ್ಷ ಸರ್ಕಾರದಿಂದ ಒಂದು ಆದೇಶ ಬಂತು. ಇನ್ನು ಮುಂದೆ ಮಂಡಳಿಗೆ ಯಾರೂ ನೇರವಾಗಿ ಯಾರನ್ನೂ ಹಾಕುವಂತಿಲ್ಲ. ಬಂದ ಅರ್ಜಿಗಳನ್ನು ಮೂವರ ಸ್ವತಂತ್ರ ಪರಿಶೀಲನಾ ಸಮಿತಿ ಜರಡಿ ಹಿಡಿಯಬೇಕು, ಅದು ಕೊಟ್ಟ ಐದು ಹೆಸರೇ ಅಂತಿಮ. ಆ ಮೂವರಲ್ಲಿ ಒಬ್ಬಳು ರೈತ ಮಹಿಳೆ ಇರಬೇಕು. ಒಂದು ದಿನ ಡೈರಿಯ ಮುಂದೆ ಜೀಪು ನಿಂತಿತು, ದೇವರಾಜ್ ಎಂಬ ಅಧಿಕಾರಿ ಇಳಿದರು.

"ಸಿದ್ದಮ್ಮ ಅಂದರೆ ನೀವೇನಾ? ಸ್ವಂತ ಗಂಡನ ಹಾಲನ್ನೇ ವಾಪಸ್ ಕಳಿಸಿದವರು?"

"ಅದ್ಯಾರು ಹೇಳಿದ್ರು ನಿಮ್ಗೆ?"

"ಹೋಬಳಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ" ಎಂದು ನಕ್ಕರು.

ಒಪ್ಪಿಕೊಂಡೆ. ಡೈರಿಯವಳು, ಇಂಥವರ ಹೆಂಡತಿ, ಇಂಥವಳ ತಾಯಿ ಎಂದು ಕರೆಸಿಕೊಳ್ಳುತ್ತಿದ್ದ ನನ್ನನ್ನು ಮೊದಲ ಸಲ ಯಾರೋ ನನ್ನ ಹೆಸರಿಗೇ ಕಾಗದ ಬರೆದು ಕರೆದಿದ್ದರು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಷರತ್ತಿತ್ತು: ಪಟ್ಟಿ ಪ್ರಕಟವಾಗುವವರೆಗೆ ಸಮಿತಿಯಲ್ಲಿ ಯಾರಿದ್ದಾರೆಂದು ಹೊರಗೆ ಗೊತ್ತಾಗಬಾರದು, ಇಲ್ಲದಿದ್ದರೆ ಮನೆ ಬಾಗಿಲಿಗೆ ಶಿಫಾರಸು ಬರುತ್ತದೆ. ಮನೆಯವರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿದೆ. ಮಂಡಿನೋವಿಗೆ ರಾಮನಗರದಲ್ಲಿ ಕರೆಂಟು ಕೊಡಿಸಿಕೊಳ್ಳಬೇಕು, ವಾರಕ್ಕೊಂದು ದಿನ ಹೋಗಬೇಕು ಎಂದು ಯಜಮಾನರಿಗೆ ಹೇಳಿದೆ.

"ನಾನೂ ಬರ್ಲಾ?" ಎಂದರು.

"ಬ್ಯಾಡ. ನೀವ್ ಬಂದ್ರೆ ಡಾಕ್ಟ್ರಿಗೇ ಪಾಠ ಹೇಳ್ತೀರಿ."

ಸಮಿತಿಯ ಅಧ್ಯಕ್ಷೆ ರಾಧಾಮಣಿ, ನಿವೃತ್ತ ನ್ಯಾಯಾಧೀಶೆ. ತೆಳ್ಳಗಿನ ಹೆಂಗಸು, ಮಾತು ಕಡಿಮೆ, ಬೆಲ್ಲ ಹಾಕಿದ ಕಾಫಿ ಎಂದರೆ ಪ್ರಾಣ. ಇನ್ನೊಬ್ಬರು ರೇಷ್ಮೆ ವಿಷಯದ ಪ್ರೊಫೆಸರ್ ಅಶೋಕ್. ನಾಲ್ಕು ತಾಲ್ಲೂಕಿನಿಂದ ನಲವತ್ತೆರಡು ಅರ್ಜಿ ಬಂದಿದ್ದವು. ಹೆಸರು, ಊರು, ಜಾತಿ ಎಲ್ಲದರ ಮೇಲೆ ಕಾಗದ ಅಂಟಿಸಿ ನಂಬರು ಮಾತ್ರ ಬಿಟ್ಟಿದ್ದರು. ನನಗೆ ಡೈರಿಗೇ ಬಂದಂತಾಯಿತು. ಇಪ್ಪತ್ತಕ್ಕೂ ಹೆಚ್ಚು ಅರ್ಜಿಯ ಜೊತೆ ಯಾರ್ಯಾರದೋ ಶಿಫಾರಸು ಪತ್ರಗಳಿದ್ದವು. ಶಿಫಾರಸು ತಂದವರನ್ನು ಮೊದಲು ತೆಗೆಯಿರಿ ಎಂದು ಅಧ್ಯಕ್ಷೆ ಹೇಳಿದ್ದೇ ತಡ, ಆ ಪತ್ರಗಳನ್ನು ಎತ್ತಿ ಪಕ್ಕಕ್ಕಿಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಸೇವಂತಿಗೆ ಹಾರ ನೆನಪಾಗುತ್ತಿತ್ತು. ಒಂದೊಂದು ಪತ್ರ ಎತ್ತಿಡುವಾಗಲೂ ಹೊಟ್ಟೆ ತಣ್ಣಗಾಗುತ್ತಿತ್ತು.

ಕೊನೆಗೆ ಹತ್ತೊಂಬತ್ತು ಜನ ಉಳಿದರು. ಇವರಿಗೆ ಗೂಡು ನೋಡಲು ಬರುತ್ತದೋ ಇಲ್ಲವೋ ತಿಳಿಯುವುದು ಹೇಗೆ ಎಂದು ಪ್ರೊಫೆಸರು ಕೇಳಿದರು. ಮುಖ ನೋಡಿದರೆ ಗುರುತು ಹತ್ತುತ್ತದೆ, ಮುಖ ನೋಡದಿದ್ದರೆ ಕೆಲಸ ಕಾಣುವುದಿಲ್ಲ. ಆಗ ನಾನು ಬಾಯಿ ಬಿಟ್ಟೆ.

"ಇಂದೆ ಗೂಡಿನ ವ್ಯಾಪಾರ ಟವಲ್ ಕೆಳಗೆ ನಡೀತಿತ್ತಲ್ಲ ಸಾ. ಬೆರಳು ಇಸ್ಕಿ ರೇಟ್ ಹೇಳೋರು, ನಿಂತೋರ್ಗೆ ಏನೂ ಕಾಣ್ತಿರಲಿಲ್ಲ. ಅಂಗೇ ಒಂದು ಪರದೆ ಕಟ್ಟಿ. ಮೊಕ ಆಚೆ ಇರ್ಲಿ, ಕೈ ಮಾತ್ರ ಈಚೆ ಬರ್ಲಿ. ಗೂಡು ಇಡ್ಕೊಳೋ ಕೈ ನೋಡಿದ್ರೆ ಸಾಕು, ಆಳು ಗೊತ್ತಾಯ್ತಾನೆ."

ಅಧ್ಯಕ್ಷೆ ಕಾಫಿ ಲೋಟ ಕೆಳಗಿಟ್ಟು, "ನಲವತ್ತು ವರ್ಷ ಕೋರ್ಟಿನಲ್ಲಿ ನನಗೆ ಇದು ಹೊಳೆಯಲಿಲ್ಲ" ಎಂದರು. ನಾನು ಉಬ್ಬಿಹೋದೆ. ಆಳು ಗೊತ್ತಾಗುತ್ತಾನೆ ಎಂದು ಹೇಳಿದ ನನಗೇ ಅದರ ಅರ್ಥ ಪೂರ್ತಿ ಆಗಿರಲಿಲ್ಲ ಎನ್ನುವುದು ಪರದೆ ಕಟ್ಟಿದ ಗುರುವಾರ ತಿಳಿಯಿತು.

ಆ ದಿನ ಬೆಳಿಗ್ಗೆ ಯಜಮಾನರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುತ್ತಿದ್ದರು. ಎಲ್ಲಿಗೆ ಎಂದರೆ ಕೆಂಗಲ್ಲಿಗೆ ಎಂದರು. ಪ್ರತಿ ಶ್ರಾವಣದಲ್ಲಿ ಒಂದು ಚೊಂಬು ಹಾಲು ತೆಗೆದುಕೊಂಡು ಒಬ್ಬರೇ ಅಲ್ಲಿಗೆ ಹೋಗಿಬರುವುದುಂಟು. ಇದು ಶ್ರಾವಣವಲ್ಲ ಎಂದು ನನಗೆ ಹೊಳೆಯಬೇಕಿತ್ತು, ಬಸ್ಸಿನ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ರಾಮನಗರದ ಒಂದು ತರಬೇತಿ ಕೇಂದ್ರದಲ್ಲಿ ಹಸಿರು ಪರದೆ ಕಟ್ಟಿದ್ದರು. ನಡುವೆ ಕೈ ತೂರುವಷ್ಟು ಸೀಳು. ನಮ್ಮ ಕಡೆಯ ಮೇಜಿನ ಮೇಲೆ ಐದು ತಟ್ಟೆ ಗೂಡು. ಪರದೆಯ ಆಚೆ ಗುಮಾಸ್ತೆ ನಯನಾ. ಒಬ್ಬೊಬ್ಬರೇ ಬಂದು ಕೈ ಚಾಚಿ ಗೂಡು ತೆಗೆದುಕೊಳ್ಳಬೇಕು, ನೋಡಿ, ತಮ್ಮ ತೀರ್ಮಾನವನ್ನು ನಯನಾಳ ಕಿವಿಯಲ್ಲಿ ಹೇಳಬೇಕು, ಅವಳು ಚೀಟಿ ಬರೆದು ನಮಗೆ ಕೊಡುತ್ತಾಳೆ. ನಾವು ಮೂವರೂ ತುಟಿ ಬಿಚ್ಚುವಂತಿಲ್ಲ, ಓದಬೇಕಾದರೆ ಅಧ್ಯಕ್ಷೆ ಮಾತ್ರ.

ಬಂದ ಕೈಗಳು ತರಾವರಿ. ಉಂಗುರದ ಕೈ ಗೂಡನ್ನು ಮುಟ್ಟಲೇ ಹೆದರಿತು. ಒಂದು ಕೈ ತಟ್ಟೆಯನ್ನೇ ಕೆಡವಿತು. ಬಿಸಿನೀರಿನಲ್ಲಿ ನೂಲು ತೆಗೆದು ತೆಗೆದು ಬೆಳ್ಳಗಾಗಿದ್ದ ಒಂದು ಹೆಂಗಸಿನ ಕೈ ಐದು ತಟ್ಟೆಯನ್ನೂ ಲೆಕ್ಕಾಚಾರವಾಗಿ ನೋಡಿತು, ಅದಕ್ಕೆ ಮೂವರೂ ಒಳ್ಳೆ ಅಂಕ ಕೊಟ್ಟೆವು. ಹದಿನಾರು ಮುಗಿದವು.

ಹದಿನೇಳನೆಯ ಕೈ ಬಂದು ಮೊದಲು ಸೊಟ್ಟಗಿದ್ದ ತಟ್ಟೆಯನ್ನು ನೆಟ್ಟಗೆ ಮಾಡಿತು. ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ಒಬ್ಬರು ಹೀಗೆ ಮಾಡುತ್ತಾರೆ. ಆಮೇಲೆ ಮೇಲಿನಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು ಗೂಡು ಎತ್ತಿಕೊಂಡಿತು. ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಭಾನುಪ್ರಿಯ ಹುಟ್ಟಿದ ವರ್ಷ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಚ್ಚುವಾಗ ಕತ್ತಿ ಬಿದ್ದ ಬೆರಳು ಅದು. ಅವತ್ತು ಸೆರಗು ಹರಿದು ಕಟ್ಟಿದವಳು ನಾನು.

ಕೆಂಗಲ್ಲಿಗೆ ಹೋದ ಮನುಷ್ಯನ ಕೈ ಇಲ್ಲಿ ಏನು ಮಾಡುತ್ತಿದೆ ಎಂದು ಮೊದಲು ಸಿಟ್ಟು ಬಂತು. ನನಗೆ ಒಂದು ಮಾತು ಹೇಳದೆ ಅರ್ಜಿ ಹಾಕಿದ್ದಾರೆ! ಮರುಕ್ಷಣವೇ ಅರ್ಥವಾಯಿತು, ನಾಲ್ಕನೆಯ ಸಲ ಸೋತರೆ ನನಗೆ ಗೊತ್ತಾಗಬಾರದೆಂದು ಹೇಳಿಲ್ಲ.

ಸಮಿತಿಯ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ನಂಟರು ಅರ್ಜಿ ಹಾಕಿದ್ದಾರೆಂದು ಯಾವ ಹಂತದಲ್ಲಿ ತಿಳಿದರೂ ಆಗಲೇ ಹೇಳಬೇಕು, ಆಮೇಲೆ ಇಬ್ಬರಲ್ಲಿ ಒಬ್ಬರು ಮಾತ್ರ ಉಳಿಯಬಹುದು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನಾನು ಹೇಳಲಿಲ್ಲ. ಮೊದಲ ತಟ್ಟೆ ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದೂ ಮುಗಿಯಿತು, ನಾನು ಸುಮ್ಮನೆ ಕೂತಿದ್ದೆ. ಯಾರಿಗೆ ಗೊತ್ತಾಗುತ್ತದೆ? ಅವರಿಗೂ ನಾನು ಇಲ್ಲಿರುವುದು ಗೊತ್ತಿಲ್ಲ. ಯಾರ ಶಿಫಾರಸೂ ಇಲ್ಲದೆ, ಹಾರ ಹಿಡಿಯದೆ, ಬರೀ ಕೈಯಿಂದ ಗೆಲ್ಲುತ್ತಿದ್ದಾರೆ. ಗೆಲ್ಲಲಿ ಬಿಡು ಎಂದಿತು ಮನಸ್ಸು.

ನಾಲ್ಕನೆಯ ತಟ್ಟೆಯ ಚೀಟಿ ಬಂತು. ಅಧ್ಯಕ್ಷೆ ಓದಿದರು: "ಗೂಡು ಒಳ್ಳೆಯದೇ. ಆದರೆ ಒಂದು ದಿನ ಮೊದಲೇ ಬಿಡಿಸಿದ್ದಾರೆ, ಒಳಗೆ ಹುಳು ಇನ್ನೂ ಹಸಿ. ರೈತನನ್ನು ಬಯ್ಯಬೇಡಿ, ಏನೋ ಅವಸರ ಇರುತ್ತದೆ. ನಾಳೆ ಇದೇ ಗೂಡು ಮೊದಲ ದರ್ಜೆ."

ಪ್ರೊಫೆಸರು ನಿಯಮ ಮರೆತು ಎದ್ದು ನಿಂತುಬಿಟ್ಟರು. ಒಂದು ದಿನ ಮೊದಲು ಬಿಡಿಸಿದ್ದು ಅವರೊಬ್ಬರಿಗೇ ಗೊತ್ತಿದ್ದ ಗುಟ್ಟು. ಹದಿನಾರು ಜನರಲ್ಲಿ ಒಬ್ಬರೂ ಹಿಡಿದಿರಲಿಲ್ಲ. ಅಂಕದ ಹಾಳೆಯಲ್ಲಿ ಇಬ್ಬರೂ ಹತ್ತಕ್ಕೆ ಹತ್ತು ಬರೆದು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು. ಆ ಹಾಳೆಯ ಮೇಲಿನ ನಂಬರು ನೋಡುತ್ತಾ ನನಗೆ ಡೈರಿಯ ಸಾಲು ನೆನಪಾಯಿತು. ಅವತ್ತು ಇಪ್ಪತ್ಮೂರು ಎಂದು ಕೂಗಿದ ಬಾಯಿ ಇವತ್ತು ಮುಚ್ಚಿಕೊಂಡರೆ, ಅವತ್ತಿನದೂ ಸುಳ್ಳಾಗುತ್ತದೆ. ಶಿಫಾರಸು ಪತ್ರ ಎತ್ತಿಡುವಾಗ ಹೊಟ್ಟೆ ತಣ್ಣಗಾದದ್ದೂ ಸುಳ್ಳಾಗುತ್ತದೆ. ಪೆನ್ಸಿಲ್ ಕೆಳಗಿಟ್ಟೆ.

"ಅಮ್ಮಾವ್ರೇ," ಎಂದೆ ಮೆಲ್ಲಗೆ, "ನಾನು ಇದುಕ್ಕೆ ಅಂಕ ಕೊಡಂಗಿಲ್ಲ. ಈ ಕೈ ನಮ್ಮನೇದು."

ಅಧ್ಯಕ್ಷೆ ನನ್ನ ಕಡೆ ಬಾಗಿ ದನಿ ತಗ್ಗಿಸಿದರು. "ನಿಮ್ಮ ಯಜಮಾನರಾ?"

ಹೌದೆಂದು ತಲೆ ಅಲ್ಲಾಡಿಸಿದೆ.

"ಹೆಸರು ಹೇಳಿ."

"ಬರ್ದ್ ಕೊಡ್ತೀನಿ."

"ಬರೆದೂ ಕೊಡಿ. ಆದರೆ ನಡಾವಳಿ ರೆಕಾರ್ಡ್ ಆಗುತ್ತಿದೆ, ಸಿದ್ದಮ್ಮ. ಸದಸ್ಯರು ತಮ್ಮ ಬಾಯಿಂದಲೇ ಹೇಳಬೇಕು."

ಮೇಜಿನ ಮೇಲೆ ಮೊಬೈಲಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ರೇಷನ್ ಕಾರ್ಡು ನನ್ನ ಹತ್ತಿರ ಇರಲಿಲ್ಲ. ನೀರು ಕುಡಿದೆ. ಮೂವತ್ತೆಂಟು ವರ್ಷದ ನಾಚಿಕೆಯೆಲ್ಲ ಒಟ್ಟಿಗೆ ಮುಖಕ್ಕೆ ಬಂದಿತ್ತು.

"ಬೋರಲಿಂಗಯ್ಯ" ಎಂದೆ.

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ, ಡೈರಿಯ ದನಿಯಲ್ಲಿ ಹೊರಟುಬಿಟ್ಟಿತು. ಐದನೆಯ ತಟ್ಟೆಗೆ ಚಾಚಿದ್ದ ಕೈಯಿಂದ ಗೂಡು ಜಾರಿ ನೆಲದ ಮೇಲೆ ಉರುಳಿತು. ಪರದೆಯ ಆಚೆಯಿಂದ, ಹಿತ್ತಲಿನಿಂದ ಓಗೊಟ್ಟ ಹಾಗೆ, ಒಂದೇ ಮಾತು ಕೇಳಿತು.

"ಆಂ?"

ನಯನಾ ಕಿಸಕ್ಕೆಂದಳು. ಪ್ರೊಫೆಸರು ಮುಖ ತಿರುಗಿಸಿಕೊಂಡರು. ಅಧ್ಯಕ್ಷೆ ಮಾತ್ರ ನಿಯಮವನ್ನು ಪೂರ್ತಿ ಓದಿ, ಇಬ್ಬರಲ್ಲಿ ಒಬ್ಬರು ಈಗಲೇ ಬರೆದುಕೊಟ್ಟು ಬಿಡಬೇಕು, ಯಾರದು ಮೊದಲು ಕೈ ಸೇರುತ್ತದೋ ಅದೇ ದಾಖಲಾಗುತ್ತದೆ ಎಂದರು.

"ನಾನೇ ಹೋಯ್ತೀನಿ" ಎಂದು ಕನ್ನಡಕಕ್ಕೆ ಚೀಲದಲ್ಲಿ ಕೈ ಹಾಕಿದೆ. ಅದು ತಳದಲ್ಲೆಲ್ಲೋ ಸೇರಿಕೊಂಡಿತ್ತು.

"ಏಯ್, ನೀನ್ ಸುಮ್ಕಿರು" ಎಂದಿತು ಪರದೆ.

"ನೀವ್ ಸುಮ್ಕಿರಿ. ಮೂರ್ ಸಲ ಅಲ್ದಾಡಿದ್ದು ಸಾಲ್ದಾ?"

"ಅಲ್ದಾಡಿದ್ದು ನಾನು ತಾನೇ? ನಿನ್ನ ಯಾರಾದ್ರೂ ಕರ್ದಿದ್ರಾ ಇಲ್ಲೀಗಂಟ? ಈಗ ಕರ್ದವ್ರೆ, ಕುಂತ್ಕೋ. ನೀನ್ ಎದ್ದೋದ್ರೆ ಆ ಜಾಗಕ್ಕೆ ಯಾವ್ನೋ ಊಜಿ ತೂತ ಮೆಚ್ಕೊಳೋನ್ನ ತಂದ್ ಕೂರುಸ್ತಾರೆ."

"ಇದು ಮನೆ ಅಲ್ಲ" ಎಂದರು ಅಧ್ಯಕ್ಷೆ. ಆದರೆ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ಗೊತ್ತು ಅಮ್ಮಾವ್ರೇ," ಎಂದರು ನಮ್ಮ ಯಜಮಾನರು. "ಒಂದ್ ಸಲ ಇವ್ಳು ನನ್ ಹಾಲಿನ ಕ್ಯಾನು ವಾಪಸ್ ಕಳ್ಸಿದ್ಲು, ಊರೆಲ್ಲ ನೋಡ್ತಿತ್ತು. ಆರು ದಿನ ಮಾತಾಡ್ಸಿರ್ಲಿಲ್ಲ ನಾನು. ಈ ಸಲ ಕ್ಯಾನು ನಾನೇ ಎತ್ಕೊಂಡೋಯ್ತೀನಿ."

ನನಗೆ ಕನ್ನಡಕ ಸಿಕ್ಕಿತು, ಆದರೆ ಅದರೊಳಗಿಂದ ಏನೂ ಕಾಣಲಿಲ್ಲ. ಕಣ್ಣು ತುಂಬಿತ್ತು. ಅಷ್ಟರಲ್ಲಿ ಸೀಳಿನಿಂದ ಆ ಕೈಯೇ ಬಂತು, ಬೆರಳುಗಳ ನಡುವೆ ಮಡಿಸಿದ ಚೀಟಿ. ಅಧ್ಯಕ್ಷೆ ಎದ್ದು ನಿಂತು ತೆಗೆದುಕೊಂಡರು. ಕುಳಿತೇ ತೆಗೆದುಕೊಳ್ಳಬಹುದಿತ್ತು.

ನಾನು ಉಳಿದೆ. ಹದಿನೆಂಟು ಮತ್ತು ಹತ್ತೊಂಬತ್ತಕ್ಕೂ ಅಂಕ ಕೊಟ್ಟೆ. ಐದು ಹೆಸರಿನ ಪಟ್ಟಿ ಅವತ್ತೇ ಸಿದ್ಧವಾಯಿತು. ಹೆಸರಿನ ಮೇಲಿನ ಕಾಗದ ಕಿತ್ತಾಗ ಬೆಳ್ಳಗಿನ ಕೈಯವಳು ಚನ್ನಪಟ್ಟಣದ ರೀಲರ್ ಎಂದು ತಿಳಿಯಿತು. ಐವರಲ್ಲಿ ಒಬ್ಬರೂ ಯಾರ ಫೋಟೋದ ಹಿಂದೆಯೂ ನಿಂತವರಲ್ಲ. ಸಹಿ ಹಾಕುವಾಗ ನನಗೆ ಹೆಮ್ಮೆಯೂ ಆಯಿತು, ಎದೆ ಭಾರವೂ ಆಯಿತು. ಆರನೆಯ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಹೊರಗೆ ಬಂದರೆ ಮಧ್ಯಾಹ್ನದ ಬಿಸಿಲಿನಲ್ಲಿ, ಹೊಂಗೆ ಮರದ ಕೆಳಗೆ, ಟಿವಿಎಸ್ ಮೇಲೆ ಕೂತು ಕಾಯುತ್ತಿದ್ದರು. ಎಣ್ಣೆ ಹಚ್ಚಿದ ತಲೆ ಹಾಗೇ ನೀಟಾಗಿತ್ತು. ಅರ್ಜಿ ಹಾಕಿಸಿದ್ದು ತಾಜ್ ಪಾಷಾ ಅಂತೆ, ಮಾರ್ಕೆಟ್ಟಿನ ಅವರ ರೀಲರ್ ಸ್ನೇಹಿತ, ತನ್ನ ಫೋನಿನಲ್ಲೇ ತುಂಬಿ ಕಳಿಸಿದ್ದನಂತೆ.

"ಮಂಡಿನೋವು ಎಂಗೈತೆ?" ಎಂದರು.

"ವಾಸಿ ಆಯ್ತು" ಎಂದು ಹಿಂದೆ ಹತ್ತಿ ಕೂತೆ.

ಗಾಡಿ ಊರಿನ ಕಡೆ ತಿರುಗಲಿಲ್ಲ, ಮೈಸೂರು ರಸ್ತೆ ಹಿಡಿಯಿತು. "ಊರು ಆ ಕಡೆ" ಎಂದೆ. "ಕೆಂಗಲ್ಗೆ ಹೋಯ್ತೀನಿ ಅಂತ ನಿನ್ಗೆ ಹೇಳಿವ್ನಿ. ಸುಳ್ಳಾಗ್ಬಾರ್ದು" ಎಂದರು. ನಾನು ಅವರ ಸೊಂಟ ಹಿಡಿದು ಕೂತೆ.

ಗುಡಿಯಲ್ಲಿ ಜನ ಇರಲಿಲ್ಲ. ಮಂಗಳಾರತಿ ತೆಗೆದುಕೊಂಡ ಮೇಲೂ ಇವರು ಕದಲಲಿಲ್ಲ. ದೇವರ ಕಡೆ ನೋಡುತ್ತಾರೆ, ನನ್ನ ಕಡೆ ನೋಡುತ್ತಾರೆ, ಸೀಳಿದ ಉಗುರನ್ನು ಕೆರೆದುಕೊಳ್ಳುತ್ತಾರೆ.

"ಸಿದ್ದಿ," ಎಂದರು ಕೊನೆಗೆ. "ನೀನ್ ಇವತ್ತು ಬಾಯ್ಬುಟ್ಟು ಹೇಳ್ಬುಟ್ಟೆ. ನಾನೂ ಒಂದ್ ಹೇಳ್ಬೇಕು."

"ಹೇಳಿ."

"ಅವತ್ತು ಹಸ ಬತ್ತೋಗ್ತಿತ್ತು. ನೀನ್ ಹೊಸ್ದಾಗಿ ಕುರ್ಚೀಲಿ ಕುಂತಿದ್ದೆ. ನಿನ್ ಮುಂದೆ ನಮ್ ಕ್ಯಾನು ಅರ್ಧ ಇಟ್ರೆ ಚೆಂದಾಗಿರಾಕಿಲ್ಲ ಅನ್ಸ್ತು. ಅದ್ಕೇ ಒಸಿ ನೀರ್ ಹಾಕಿದ್ದೆ."

ಇಪ್ಪತ್ತೊಂಬತ್ತು ವರ್ಷ! ಪ್ರತಿ ಶ್ರಾವಣದ ಆ ಚೊಂಬು ಹಾಲು ಯಾಕೆಂದು ಈಗ ತಿಳಿಯಿತು. ಬಯ್ಯಬೇಕೆಂದು ಬಾಯಿ ತೆರೆದೆ, ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದೆ, "ಒಸಿ ಅಂದ್ರೆ ಎಷ್ಟು?"

"ಒಂದ್ ಚೊಂಬು."

"ಬೋರಲಿಂಗಯ್ಯ," ಎಂದೆ. "ನನ್ ಲ್ಯಾಕ್ಟೋಮೀಟ್ರು ಎರಡು ಅಂದಿತ್ತು."

ಅವರು ಒಮ್ಮೆ ಆಂಜನೇಯನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಎರಡು" ಎಂದರು.